ದಿಂಬಿಲ್ಲದ ಬೆಂಚು

ನಮ್ಮ ಡಾಕ್ಟರ ಬೆಂಚು ಈಗ ಬಂಗಾರಪೇಟೆಯಲ್ಲಿ ನಮ್ಮ ಮನೆಯ ಜಗುಲಿಯ ಮೇಲಿದೆ. ಐದು ಜನ ಕೂರಬಹುದಾದ ಬರಿ ಹಲಗೆ. ಬೆನ್ನಿಗೆ ಒರಗಿಲ್ಲ, ಕೈಗೆ ಆಸರೆಯಿಲ್ಲ. ಮನೆಗೆ ಬಂದವರೆಲ್ಲ ಕೇಳುತ್ತಾರೆ, ಇದಕ್ಕೊಂದು ದಿಂಬೋ ಜಮಖಾನವೋ ಹಾಕಬಾರದೇ ಅಂತ. ಹಾಕಬಾರದು. ಯಾಕೆ ಹಾಕಬಾರದು ಎಂದು ಹೇಳಬೇಕಾದರೆ ಆ ಮನುಷ್ಯನ ವಿಷಯ ಹೇಳಬೇಕು, ಅದಕ್ಕೆ ಒಂದು ಸಂಜೆ ಬೇಕು. ಬಂದವರಿಗೆ ಕಾಫಿ ಕುಡಿಯುವಷ್ಟು ಪುರುಸೊತ್ತು ಮಾತ್ರ ಇರುತ್ತದೆ. ಹಾಗಾಗಿ ಬರೆದೇ ಇಡೋಣ ಎಂದು ಕುಳಿತಿದ್ದೇನೆ.

ಹೆಸರು ಹೇಳುವುದಿಲ್ಲ. ರಾಬರ್ಟ್‌ಸನ್‌ಪೇಟೆಯ ಅವರ ಕ್ಲಿನಿಕ್ಕಿನ ಬೋರ್ಡಿನಲ್ಲೂ ಹೆಸರು ಇರಲಿಲ್ಲ, ಬಿಸಿಲಿಗೆ ಎಂದೋ ಅಳಿಸಿಹೋಗಿತ್ತು. ಹೊಸದಾಗಿ ಬರೆಸಿ ಸಾರ್ ಅಂದರೆ, "ಕಾಯಿಲೆ ಬಂದೋನು ದಾರಿ ಕೇಳ್ಕೊಂಡು ಬರ್ತಾನೆ ಕಣಯ್ಯಾ, ಬೋರ್ಡ್ ಓದ್ಕೊಂಡಲ್ಲ" ಅನ್ನುತ್ತಿದ್ದರು. ಊರವರು ಅವರನ್ನು ಕರೆಯುತ್ತಿದ್ದದ್ದು ಬೆಂಚ್ ಡಾಕ್ಟ್ರು ಅಂತ. ಐವತ್ತರ ದಶಕದ ನಡುವಿನಿಂದ ಅವರು ಕಣ್ಣು ಮುಚ್ಚುವವರೆಗೆ, ಹತ್ತು ವರ್ಷದ ಮೇಲೆ, ನಾನು ಅವರ ಕಂಪೌಂಡರ್ ಆಗಿದ್ದೆ. ಬೆಳಗಿನ ರೈಲಿಗೆ ಬಂಗಾರಪೇಟೆ ಬಿಡುವುದು, ಸಂಜೆ ರೈಲಿಗೆ ವಾಪಸ್ಸು. ಈ ಮಾತನ್ನು ಹೇಳುವಾಗ ಈಗಲೂ ನನ್ನ ಎದೆ ಒಂದಿಷ್ಟು ಮುಂದಕ್ಕೆ ಬರುತ್ತದೆ. ಬಂದರೆ ಬರಲಿ, ನಾನೇನು ಸುಳ್ಳು ಹೇಳುತ್ತಿಲ್ಲವಲ್ಲ.

ಕುಳ್ಳಗಿನ ಮನುಷ್ಯ, ಸೋಡಾ ಬುಡ್ಡಿ ಕನ್ನಡಕ, ಮೊಣಕೈವರೆಗೆ ಮಡಿಸಿದ ಬಿಳಿ ಶರ್ಟು. ಬಂದ ಕೂಡಲೇ ಮೊದಲು ಮಾಡುವ ಕೆಲಸ ಬಲಗೈ ತೋರುಬೆರಳಿನ ಉಗುರು ನೋಡುವುದು. ಎಳ್ಳಷ್ಟು ಬೆಳೆದಿದ್ದರೂ ಸಣ್ಣ ಕತ್ತರಿಯಿಂದ ತೆಗೆದು, ಬೆಂಕಿಪೊಟ್ಟಣದ ಮದ್ದಿನ ಪಟ್ಟಿಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ತಮ್ಮದೇ ಕೆನ್ನೆಗೆ ಸವರಿ ನೋಡಿಕೊಳ್ಳುವರು. "ಇದು ನನ್ನ ಮೂರನೇ ಕಣ್ಣು ಕಣಯ್ಯಾ, ಇದರಲ್ಲಿ ಕಸ ಇರಬಾರದು" ಅನ್ನುವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು.

ಭಾಷೆಯ ವಿಷಯದಲ್ಲೂ ಅವರದೊಂದು ಕ್ರಮ. ತಮಿಳಿನವರ ನೋವನ್ನು ತಮಿಳಿನಲ್ಲಿ ಕೇಳುವರು, ತೆಲುಗಿನವರ ಜ್ವರವನ್ನು ತೆಲುಗಿನಲ್ಲಿ, ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ. ಬೈಯುವುದು ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಬೈಸಿಕೊಂಡವರು ಅರ್ಥವಾಗದಿದ್ದರೂ ತಲೆಯಾಡಿಸಿ ಹೋಗುತ್ತಿದ್ದರು.

ಇನ್ನು ಬೆಂಚು. ರೋಗಿಗಳು ಕಾಯುವ ಹಜಾರದಲ್ಲಿ ಇದ್ದದ್ದು ಇದೊಂದೇ. ಅವರ ಕೋಣೆಯ ಬಾಗಿಲಿಗೆ ಅರ್ಧ ಪರದೆ. ಅದರ ಮೇಲಿನಿಂದ ಅವರು ಬೆಂಚನ್ನು ನೋಡುತ್ತಲೇ ಇರುತ್ತಿದ್ದರು. ಹೊಟ್ಟೆ ಹುಣ್ಣಿನವನು ಮುಂದಕ್ಕೆ ಬಾಗಿ ಕೂರುತ್ತಾನೆ, ಉಬ್ಬಸದವನು ಎರಡು ಕೈಯನ್ನೂ ಹಲಗೆಗೆ ಊರಿ ಕೂರುತ್ತಾನೆ, ರಜೆಯ ಸರ್ಟಿಫಿಕೇಟಿಗೆ ಬಂದವನು ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಪಾತ್ರೆ ಅಂಗಡಿಯ ಶೆಟ್ಟರೊಬ್ಬರು ಒಮ್ಮೆ ರೇಷ್ಮೆ ಹೊದಿಕೆಯ ಉದ್ದನೆಯ ದಿಂಬನ್ನು ಬೆಂಚಿಗೆ ಅಂತ ಮಾಡಿಸಿ ತಂದುಕೊಟ್ಟರು. ಡಾಕ್ಟರು ಅದನ್ನು ಕ್ಲಿನಿಕ್ಕಿನ ಹಿಂದೆಯೇ ಇದ್ದ ಮನೆಗೆ, ತಮ್ಮ ಹೆಂಡತಿಗೆ ಕಳಿಸಿಬಿಟ್ಟರು. "ದಿಂಬು ಕಾಯಿಲೆಯನ್ನ ಬಚ್ಚಿಡುತ್ತೆ ಶೆಟ್ರೇ. ಬಚ್ಚಿಟ್ಟಿದ್ದನ್ನ ಹುಡುಕೋ ಕೆಲಸ ನಂದು, ಯಾಕೆ ಸುಮ್ಮನೆ ಕಷ್ಟ ಕೊಡ್ತೀರಿ?" ಅಂದರು. ಶೆಟ್ಟರ ಮುಖ ಸಪ್ಪಗಾಯಿತು.

ಕೆ.ಜಿ.ಎಫ್. ಚಿನ್ನದ ಗಣಿಯ ಗಂಡಸರಿಂದ ಒಂದು ವಿಷಯ ಹೊರಡಿಸುವುದಕ್ಕೆ ಎಂಥ ಡಾಕ್ಟರಿಗೂ ಆಗುತ್ತಿರಲಿಲ್ಲ. ಉಚ್ಚೆ ಉರಿಯುತ್ತಾ ಅಂತ ಕೇಳಿದರೆ ಇಲ್ಲ ಅನ್ನುವರು. ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ. ಭೂಮಿಯೊಳಗೆ ಅಷ್ಟು ಆಳದಲ್ಲಿ, ಆ ಧಗೆಯಲ್ಲಿ ಕೆಲಸ ಮಾಡುವವರು, ಅಲ್ಲಿ ಎಲ್ಲ ಉರಿಗೂ ಒಂದೇ ಹೆಸರು, ಸೂಡು. ಸೂಡು ಅಂದರೆ ಮೈ ಉಷ್ಣ. ಹೊಕ್ಕಳಿಗೆ ಹರಳೆಣ್ಣೆ, ಕುಡಿಯೋದಕ್ಕೆ ಎಳನೀರು, ಮುಗಿಯಿತು. ನಮ್ಮ ಡಾಕ್ಟರು ಉಚ್ಚೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮೆತ್ತಗೆ, "ಸೂಡಾ ಇರುಕ್ಕಾ?" ಅನ್ನುವರು. "ಆಮಾ ಸಾಮಿ, ನಾಲು ನಾಳಾ ಸೂಡು" ಎಂದು ನಾಲ್ಕು ದಿನದ ಕಥೆಯೆಲ್ಲ ಗಳಗಳ ಹೊರಬರುತ್ತಿತ್ತು.

ಇಷ್ಟೆಲ್ಲ ಹತ್ತಿರದಿಂದ ನೋಡಿದ ನಾನೇ ಒಂದು ಸಲ ಎಂಥ ದಡ್ಡತನ ಮಾಡಿದೆ ಎನ್ನುವುದನ್ನು ಈಗ ಹೇಳಬೇಕು.

ನನ್ನ ಅಕ್ಕನನ್ನು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿಗೆ ಕೊಟ್ಟಿತ್ತು. ಬಾವ ಗಣಿಯೊಳಗೆ ಮರದ ದಿಮ್ಮಿಗಳನ್ನು ಆಸರೆ ನಿಲ್ಲಿಸುವ ಕೆಲಸದವರು, ಒಳ್ಳೆ ಕಟ್ಟುಮಸ್ತಾದ ಆಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ಬಂಗಾರಪೇಟೆಯಲ್ಲಿ ಯಾರನ್ನೋ ನೋಡಲು ಹೋಗಿದ್ದಾಗ ಬಾವ ಕ್ಲಿನಿಕ್ಕಿಗೆ ಬಂದರು. ಕಣ್ಣು ಕೆಂಪಗೆ, ಮೈ ಕೆಂಡ.

"ಏನ್ ಬಾವ ಇದು?"

"ಚಳಿಜ್ವರ ಕಣ್ಲಾ. ಸೊಂಟ ಬೇರೆ ಇಡ್ಕಂಡೈತೆ. ಒಂದು ಬಾಟ್ಲು ಔಸ್ತಿ ಕೊಟ್ಬಿಡು, ಓಯ್ತೀನಿ."

ನಮ್ಮ ಮನೆಯ ಅಳಿಯ. ಅಕ್ಕನ ಗಂಡ. ಅವರನ್ನು ಆ ಬರಿ ಹಲಗೆಯ ಮೇಲೆ, ಊರವರ ಸಾಲಿನಲ್ಲಿ ಕೂರಿಸುವುದುಂಟೇ? ನಮ್ಮಮ್ಮನಿಗೆ ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಿದ್ದಳು. ಡಾಕ್ಟರ ಬೆತ್ತದ ಕುರ್ಚಿಯನ್ನು ಔಷಧಿ ಕೋಣೆಗೆ ಎಳೆದು, ಒಳಗಿನಿಂದ ಶೆಟ್ಟರ ಆ ರೇಷ್ಮೆ ದಿಂಬನ್ನೇ ಕೇಳಿ ತಂದು, ಎರಡು ಮಡಿಕೆ ಮಾಡಿ ಹಾಕಿ, ಅದರ ಮೇಲೆ ಬಾವನನ್ನು ಕೂರಿಸಿದೆ. ಬಾವ ಉಸ್ಸಪ್ಪಾ ಅಂತ ಕೂತರು. ನಾನು ತೋರಿಸಿದ ಮರ್ಯಾದೆಯನ್ನು ನಾನೇ ಮೆಚ್ಚಿಕೊಂಡೆ.

ಮಿಕ್ಸ್ಚರ್ ಕೊಟ್ಟೆ. ಆಗ ನಾನು ಡಾಕ್ಟರಿಂದ ಮೈಕ್ರೋಸ್ಕೋಪು ನೋಡುವುದನ್ನು ಕಲಿಯುತ್ತಿದ್ದ ಕಾಲ, ಕಂಡವರ ಉಚ್ಚೆಯನ್ನೆಲ್ಲ ಹಿಡಿದು ನೋಡುವ ಹುಚ್ಚು. ಬಾವನದನ್ನೂ ಒಂದು ಸೀಸೆಯಲ್ಲಿ ಹಿಡಿದು, ಅವರು ಹೋದಮೇಲೆ ಗಾಜಿನ ಚೂರಿಗೆ ಹಾಕಿ ನೋಡಿದರೆ, ಅಯ್ಯೋ ದೇವರೇ, ರಾಶಿ ರಾಶಿ ಕೀವಿನ ಕಣ. ನನ್ನ ತಲೆಗೆ ಬಂದದ್ದು ಒಂದೇ, ಕೆಟ್ಟ ಕಾಯಿಲೆ. ಸೂಳೆಯರ ಸಹವಾಸದಿಂದ ಬರುತ್ತದೆಂದು ಜನ ಪಿಸುಗುಟ್ಟುವ ಆ ಕಾಯಿಲೆ. ನಮ್ಮಕ್ಕ ಯಾರಿಗೂ ಒಂದು ಮಾತು ಅಂದವಳಲ್ಲ, ಅವಳಿಗೆ ಹೀಗಾಯಿತಲ್ಲ ಎಂದು ಹೊಟ್ಟೆ ಉರಿದುಹೋಯಿತು. ಡಾಕ್ಟರು ಬರುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಸಂಜೆ ರೈಲಿಗೆ ಊರಿಗೆ ಹೋದವನು ಬಾಯಿ ಮುಚ್ಚಿಕೊಂಡಾದರೂ ಇರಬೇಕಿತ್ತು, ಇರಲಿಲ್ಲ. ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೆಳಿಗ್ಗೆ ನಾನೂ ಬತ್ತೀನಿ. ನನ್ ಮಗಳನ್ನ ಕರ್ಕಂಡ್ ಬರಾದೇಯ" ಅಂದಳು. ನಮ್ಮ ಕಡೆ ಹಾಗೆ ಕರೆದುಕೊಂಡು ಬಂದ ಹೆಣ್ಣು ಮತ್ತೆ ವಾಪಸ್ಸು ಹೋಗುವುದು ಎಂದರೆ ಸುಲಭವಲ್ಲ. ನಾಲ್ಕು ಜನ ಸೇರುತ್ತಾರೆ, ಮಾತು ಬೆಳೆಯುತ್ತದೆ, ಒಂದು ಬಾಳು ಅಲ್ಲಿಗೆ ನಿಲ್ಲುತ್ತದೆ. ಅದೆಲ್ಲ ಗೊತ್ತಿದ್ದೂ ನಾನು ಹೂಂ ಅಂದೆ.

ಮಾರನೇ ಬೆಳಿಗ್ಗೆ ಇಬ್ಬರೂ ರೈಲಿನಲ್ಲಿ ಬಂದೆವು. ಅಮ್ಮ ಚಾಂಪಿಯನ್ ರೀಫ್ಸಿನಲ್ಲಿ ಗಣಿಯವರು ಸಾಲಾಗಿ ಕಟ್ಟಿಸಿಕೊಟ್ಟಿದ್ದ ಲೈನ್ ಮನೆಗೆ ಹೋದಳು, ನಾನು ಕ್ಲಿನಿಕ್ಕಿಗೆ. ಅವಳು ಅಲ್ಲಿ ಮುಟ್ಟುವ ಮೊದಲೇ ಲೈನಿನವರು ಬಾವನನ್ನು ಜಟಕಾದಲ್ಲಿ ಇಲ್ಲಿಗೆ ಹಾಕಿಕೊಂಡು ಬಂದಿದ್ದರು. ಹಲ್ಲು ಕಟಕಟ ಅನ್ನುವ ನಡುಕ, ಹೊದಿಸಿದ ಕಂಬಳಿ ಅಲುಗಾಡುತ್ತಿತ್ತು. ಮೈಯೆಲ್ಲ ಕೋಪವಿದ್ದರೂ ಬಾವ ಬಾವನೇ ತಾನೇ. ಮತ್ತೆ ಅದೇ ಕುರ್ಚಿ, ಅದೇ ದಿಂಬು. ಅಷ್ಟರಲ್ಲಿ ಡಾಕ್ಟರು ಉಗುರು ಉಜ್ಜಿಕೊಳ್ಳುತ್ತ ಒಳಗೆ ಬಂದರು.

"ಯಾರಯ್ಯಾ ಇದು, ಮಹಾರಾಜರು?"

"ನಮ್ಮ ಬಾವ ಸಾರ್. ಮಲೇರಿಯಾ ಅಂತ ಬಂದರು. ಆದರೆ..." ಎಂದು ಅವರನ್ನು ಪಕ್ಕಕ್ಕೆ ಕರೆದು, ನಾನು ಕಂಡದ್ದನ್ನೂ ತಿಳಿದದ್ದನ್ನೂ ಕಿವಿಯಲ್ಲಿ ಹೇಳಿದೆ. ಡಾಕ್ಟರು ನನ್ನ ಮುಖವನ್ನು ನೋಡಲೇ ಇಲ್ಲ. ದಿಂಬನ್ನು ನೋಡುತ್ತಿದ್ದರು.

"ಅದನ್ನ ತೆಗಿ. ಬೆಂಚ್ ಮೇಲೆ ಕೂರಿಸು."

ಕೂರಿಸಿದೆ. ಬಾವ ಕೂತರು, ತಕ್ಷಣ ಹಾ ಎಂದು ಎಡಕ್ಕೆ ವಾಲಿದರು. ಒಂದೇ ಕುಂಡೆಯ ಮೇಲೆ, ಇನ್ನೊಂದು ಕಡೆ ಎತ್ತಿಕೊಂಡು, ಮುಳ್ಳಿನ ಮೇಲೆ ಕೂತವರ ಹಾಗೆ. ಸೊಂಟದ ನೋವಿನವನು ಹಾಗೆ ಕೂರುವುದಿಲ್ಲ, ಮಲೇರಿಯಾದವನಂತೂ ಹಾಗೆ ಕೂರುವುದೇ ಇಲ್ಲ. ಎರಡು ದಿನದಿಂದ ನನ್ನ ಮರ್ಯಾದೆಯ ದಿಂಬು ಅದನ್ನು ಮುಚ್ಚಿಟ್ಟಿತ್ತು.

ಡಾಕ್ಟರು ಬಾವನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, "ಸೂಡಾ?" ಅಂದರು.

"ಊಂ ಸ್ವಾಮಿ. ಐದು ದಿನದಿಂದ ಬೋ ಸೂಡು. ತೊಟ್ಟು ತೊಟ್ಟಾಗಿ ಓಗ್ತದೆ, ಪ್ರಾಣ ಓದಂಗಾಯ್ತದೆ. ಕೆಳಗೆ ಗಡ್ಡೆ ಇಟ್ಟಂಗೆ ನೋವು."

"ಎಲ್ಲಾದರೂ ಹೊರಗಡೆ ಹೆಂಗಸರ ಸಹವಾಸ?"

"ನನ್ ಎಂಡ್ರಾಣೆಗೂ ಇಲ್ಲ ಸ್ವಾಮಿ." ಬಾವನ ಕಣ್ಣಲ್ಲಿ ನೀರು ಬಂತು.

ಡಾಕ್ಟರು ಅದನ್ನು ನಂಬಿದರೋ ಇಲ್ಲವೋ ಹೇಳಲಿಲ್ಲ. "ಬೆಂಚು ಹೇಳಿದ್ದನ್ನ ಬೆರಳು ಒಪ್ಪಬೇಕು, ಬೆರಳು ಒಪ್ಪಿದ್ದಕ್ಕೆ ಗ್ಲಾಸು ರುಜು ಹಾಕಬೇಕು" ಎಂದು ಎದ್ದರು. ಎರಡು ಗಾಜಿನ ಲೋಟ ಕೊಟ್ಟು, ಮೊದಲು ಬಂದದ್ದು ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ ಹಿಡಿಸಿದರು. ಎರಡನ್ನೂ ಒಂದೊಂದಾಗಿ ಗೋಡೆಯ ಕ್ಯಾಲೆಂಡರಿನ ಮುಂದೆ ಹಿಡಿದು, "ತಾರೀಖು ಓದು" ಅಂದರು. ಮೊದಲನೆಯದರಲ್ಲಿ ತಾರೀಖು ಕಾಣಲಿಲ್ಲ. ಎರಡನೆಯದರಲ್ಲೂ ಕಾಣಲಿಲ್ಲ.

"ಬರೀ ಬಾಗಿಲಲ್ಲಿ ಕೊಳೆ ಇದ್ರೆ ಮೊದಲ್ನೇ ಲೋಟ ಮಾತ್ರ ಕದಡಿರುತ್ತೆ. ಇಲ್ಲಿ ಎರಡೂ ಕದಡಿದೆ. ಕೊಳೆ ಒಳಮನೇಲಿ. ನೀನು ಒಂದೇ ಸೀಸೆ ಹಿಡಿದು ಜಡ್ಜ್ ಆಗ್ಬಿಟ್ಟೆ."

ಆಮೇಲೆ ಬಾವನನ್ನು ತಮ್ಮ ಕೋಣೆಯಲ್ಲಿ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ರಬ್ಬರ್ ಕೈಗವಸು ತೊಟ್ಟು, ವ್ಯಾಸಲೀನ್ ಹಚ್ಚಿ, ಹಿಂದಿನಿಂದ, ಗುದದೊಳಗೆ, ಆ ಮೂರನೇ ಕಣ್ಣಿನಿಂದ ನೋಡಿದರು. ಅಷ್ಟು ನಿಧಾನವಾಗಿ ಅವರು ಏನನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಮುಟ್ಟಿದ್ದು ಒಂದು ಸಲ, ಅಷ್ಟಕ್ಕೇ ಬಾವ ಅಮ್ಮಾ ಅಂತ ಕಿರುಚಿದರು. ಕೂಡಲೇ ಕೈ ತೆಗೆದುಬಿಟ್ಟರು.

"ಮೂತ್ರಚೀಲದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತೆ. ಪ್ರಾಸ್ಟೇಟ್. ಸರಿ ಇದ್ದಾಗ ಮುಟ್ಟಿದ್ರೆ ನಿನ್ನ ಮೂಗಿನ ತುದಿ ಇದ್ದಂಗೆ ಇರುತ್ತೆ. ಇವನದು ಬಿಸಿಲಲ್ಲಿ ಕಾದ ಟೊಮೇಟೊ ಹಣ್ಣಾಗಿದೆ. ಕೀವು ತುಂಬಿದೆ, ಮುಟ್ಟಿ ನೋಡಬೇಕು ಅಷ್ಟೇ, ಒತ್ತಬಾರದು, ಹಿಂಡಬಾರದು. ಹಿಂಡಿದ್ರೆ ವಿಷ ರಕ್ತಕ್ಕೆ ಇಳಿಯುತ್ತೆ, ಆಳೇ ಹೋಗ್ತಾನೆ." ಆಮೇಲೆ ಅನುಮಾನದಿಂದ ಬಾವನನ್ನು ಕೇಳಿದರು, "ಸೊಂಟಕ್ಕೆ ಯಾರಾದರೂ ಎಣ್ಣೆ ಹಾಕಿ ನೀವಿದ್ದಾರಾ?"

"ಇವತ್ತು ಸಾಯಂಕಾಲ ಬತ್ತೀನಿ ಅಂದವ್ನೆ ನಮ್ ಲೈನ್ ಮುದುಕ. ಕಿಬ್ಬೊಟ್ಟೆನೂ ನೀವಿ ಸೂಡು ಇಳಿಸ್ತಾನಂತೆ."

"ಬಂದ್ರೆ ಕಾಲು ಮುರೀತೀನಿ ಅಂತ ಹೇಳು" ಎಂದರು ಡಾಕ್ಟರು, ಕನ್ನಡದಲ್ಲೇ.

ಕೊನೆಗೆ ಮೈಕ್ರೋಸ್ಕೋಪು, ಬಾವನಿಗೆ ಕೇಳಿಸದ ಹಾಗೆ ಔಷಧಿ ಕೋಣೆಯಲ್ಲಿ. ತಾವೇ ಬಣ್ಣ ಹಾಕಿ, ನೋಡಿ, ಎದ್ದು, ನನ್ನ ತಲೆಯನ್ನು ಹಿಡಿದು ಅದರ ಮುಂದೆ ಬಗ್ಗಿಸಿದರು. "ನೀನಂದ ಕಾಯಿಲೆ ಆಗಿದ್ರೆ ಕೀವಿನ ಕಣದ ಒಳಗೆ ಜೋಡಿ ಜೋಡಿ ಕಾಳು ಕಾಣಬೇಕು. ಕಾಣುತ್ತಾ? ಇಲ್ಲ. ಕಡ್ಡಿ ಕಾಣುತ್ತೆ. ನಮ್ಮೆಲ್ಲರ ಕರುಳಲ್ಲಿರೋ ಕ್ರಿಮಿ, ಇರಬಾರದ ಜಾಗಕ್ಕೆ ಹತ್ತಿದೆ. ಕೀವು ಕಂಡಿದ್ದು ನಿನ್ನ ಕಣ್ಣು, ಸರಿ. ಮಿಕ್ಕಿದ್ದೆಲ್ಲ ಕಂಡಿದ್ದು ನಿನ್ನ ಬಾಯಿ. ಯಾರಿಗಾದ್ರೂ ಹೇಳಿದೆಯಾ?"

ನಾನು ನೆಲ ನೋಡಿದೆ. "ಅಮ್ಮನಿಗೆ. ಅಕ್ಕನನ್ನ ಕರ್ಕೊಂಡು ಹೋಗೋಕೆ ಬಂದಿದ್ದಾಳೆ ಸಾರ್, ಈಗ ಲೈನಿನಲ್ಲಿದ್ದಾಳೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸಿರಿಂಜು ಕೈಗೆತ್ತಿಕೊಂಡು, "ಇಂಜೆಕ್ಷನ್ ನಾನು ಹಾಕ್ತೀನಿ. ಜಟಕಾ ಇನ್ನೂ ಬಾಗಿಲಲ್ಲೇ ಇದೆ. ನಿನ್ನ ಬಾಯಿಂದ ಹೋದ ಮಾತನ್ನ ನೀನೇ ಹೋಗಿ ವಾಪಸ್ ತಗೊಂಡು ಬಾ" ಅಂದರು.

ಹೋದೆ. ಲೈನ್ ಮನೆಯ ಬಾಗಿಲಲ್ಲಿ ಟ್ರಂಕು, ಅದರ ಮೇಲೆ ಗಂಟು, ಗಂಟಿನ ಪಕ್ಕ ಅಮ್ಮ. ಅಕ್ಕ ಹೊಸ್ತಿಲ ಒಳಗೆ ಕಲ್ಲಿನ ಹಾಗೆ ನಿಂತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು. ಅವರೆಲ್ಲರ ಮುಂದೆ, "ನಂದೇ ತಪ್ಪಮ್ಮ. ಬಾವನಿಗೆ ಆ ಕಾಯಿಲೆ ಅಲ್ಲ. ನಾನು ತಿಳಿಯದೆ ಒದರಿಬಿಟ್ಟೆ" ಎಂದೆ.

ಅಕ್ಕ ಗಂಟು ಬಿಚ್ಚುತ್ತ, ನನ್ನ ಕಡೆ ನೋಡದೆ ಅಂದಳು, "ಅವ್ರ ಮ್ಯಾಲೆ ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ. ಇವತ್ತು ನಿನ್ ಮ್ಯಾಲೆ ಬಂತು ಕಣ್ಲಾ."

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಬಾವನಿಗೆ ಮಾತ್ರ ಇದನ್ನು ಹೇಳಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ನೇರ ಕ್ಲಿನಿಕ್ಕಿಗೆ ಬಂದು ಡಾಕ್ಟರ ಮುಂದೆ ನಿಂತಳು. "ನಿಜ ಯೋಳಿ ಸ್ವಾಮಿ. ನಮ್ ಉಡುಗ ಇವತ್ತೊಂದು ಯೋಳ್ತಾನೆ, ನಿನ್ನೆ ಒಂದು ಯೋಳ್ದ. ನನ್ ಮಗಳ ಬಾಳು ಇದು."

"ನನ್ನ ಮಾತನ್ನೂ ನಂಬಬೇಡಮ್ಮ" ಎಂದರು ಡಾಕ್ಟರು. "ನಾನೂ ಮನುಷ್ಯನೇ. ಅಳಿಯನ ಉಚ್ಚೆನ ಬೆಂಗಳೂರಿಗೆ ಕಳಿಸ್ತೀನಿ, ಅಲ್ಲಿ ಕ್ರಿಮಿ ಬೆಳೆಸಿ ನೋಡ್ತಾರೆ. ಕಾಗದ ಬರೋವರೆಗೂ ನೀನು ಮಗಳ ಮನೇಲಿ ಇರು. ಅಳಿಯನಿಗೆ ಗಂಟೆಗೊಂದು ಚೊಂಬು ನೀರು ಕುಡಿಸು. ಅದು ನಿನ್ನ ಕೆಲಸ."

ಸೀಸೆಯನ್ನು ಐಸಿನಲ್ಲಿಟ್ಟು ಅವತ್ತೇ ರೈಲಿಗೆ ಕಳಿಸಿದೆವು. ಕಾಗದಕ್ಕೆ ಕಾಯದೆ ಡಾಕ್ಟರು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನು, ಸಲ್ಫಾ ಮಾತ್ರೆ ಶುರು ಮಾಡಿದ್ದರು. ಮೂರನೇ ದಿನಕ್ಕೆ ನಡುಕ ನಿಂತಿತು. ಐದನೇ ದಿನ ಕಾಗದ ಬಂತು, ಅವರು ಹೇಳಿದ ಅದೇ ಕ್ರಿಮಿ. ಅದನ್ನು ಓದಿ ಹೇಳಿದಾಗ ಅಮ್ಮ ಡಾಕ್ಟರ ಬೆಂಚಿಗೆ ಕೈ ಮುಗಿದಳು. ಡಾಕ್ಟರಿಗೆ ಮುಗಿಯಲು ಅವರು ಬಿಡುತ್ತಿರಲಿಲ್ಲ, ಅದಕ್ಕೆ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಮಾತ್ರೆ ನುಂಗಿಸಿದರು. "ಬೆಂಕಿ ಆರಿದೆ, ಬೂದಿ ಇನ್ನೂ ಬಿಸಿ ಇದೆ" ಎಂದು ಒಂದು ದಿನವೂ ತಪ್ಪಿಸಲು ಬಿಡಲಿಲ್ಲ.

ಬಾವ ಎದ್ದು ಓಡಾಡುವ ಹಾಗಾದಾಗ ಡಾಕ್ಟರು ನನ್ನ ಎದುರಿಗೇ ಅವರಿಗೆ ಹೇಳಿದರು, "ಕೀವು ಮೊದಲು ಕಂಡವನು ನಿನ್ನ ಭಾಮೈದ ಕಣಯ್ಯಾ." ಸುಳ್ಳಲ್ಲ. ಆದರೆ ಪೂರಾ ನಿಜವೂ ಅಲ್ಲ. ಬಾವ ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. ಅವತ್ತಿನಿಂದ ಪ್ರತಿ ಕ್ರಿಸ್‌ಮಸ್‌ಗೆ, ಗಣಿಯ ಊರಲ್ಲಿ ಅದು ಎಲ್ಲರ ಹಬ್ಬ, ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ನನಗೊಂದು ಪ್ಲಮ್ ಕೇಕು ತಪ್ಪದೆ ಬರುತ್ತಿತ್ತು. "ನಮ್ ಪ್ರಾಣ ಉಳಿಸ್ದೋನು" ಎಂದು ನಾಲ್ಕು ಜನರ ಮುಂದೆ ಹೇಳಿ ಕೊಡುವರು. ಆ ಕೇಕನ್ನು ನಾನು ಒಂದು ವರ್ಷವೂ ನೆಮ್ಮದಿಯಾಗಿ ತಿಂದಿಲ್ಲ.

ಅದಾದ ಮೇಲೆ ಆ ಕಾಯಿಲೆಯವರು ಎಷ್ಟೋ ಜನ ಬಂದರು. ಚಳಿಜ್ವರ ಅಂತ ಬಂದವರು, ಸೊಂಟ ಉಳುಕಿದೆ ಅಂತ ಬಂದವರು. ಪರದೆಯ ಆಚೆಯಿಂದ ಡಾಕ್ಟರು ಕೆಮ್ಮಿ ಸನ್ನೆ ಮಾಡುವ ಮೊದಲೇ ನಾನು ಎರಡು ಲೋಟ ತೊಳೆದು ಇಟ್ಟಿರುತ್ತಿದ್ದೆ. ಒಮ್ಮೆ ಮಾತ್ರ ಅವರು ಆ ಲೋಟಗಳನ್ನು ನೋಡಿ, ನನ್ನನ್ನು ನೋಡಿ, "ಪರವಾಗಿಲ್ಲ ಕಣಯ್ಯಾ" ಅಂದರು. ಇಡೀ ಹತ್ತು ವರ್ಷದಲ್ಲಿ ನನಗೆ ಸಿಕ್ಕಿದ ಶಹಬ್ಬಾಸ್ ಅಷ್ಟೇ. ಅವತ್ತು ರೈಲಿನಲ್ಲಿ ಬಂಗಾರಪೇಟೆಯವರೆಗೂ ನಿಂತುಕೊಂಡೇ ಹೋದೆ, ಕೂರಲು ಜಾಗವಿದ್ದರೂ.

ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ, ಉಗುರು ಉಜ್ಜಿಕೊಳ್ಳುತ್ತಿದ್ದ ಹಾಗೇ ಅವರ ಎದೆ ನಿಂತುಹೋಯಿತು. ಬೆಂಕಿಪೊಟ್ಟಣ ಕೈಯಲ್ಲೇ ಇತ್ತು. ಗಣಿಯ ಕೂಲಿಯವರು, ಪೇಟೆಯ ಶೆಟ್ಟರು, ಪಕ್ಕದ ಕೋರಮಂಡಲ್ ಬಡಾವಣೆಯ ಮುದುಕಿಯರು ಎಲ್ಲ ಬಂದರು. ತಮಿಳಿನಲ್ಲಿ ಅತ್ತರು, ತೆಲುಗಿನಲ್ಲಿ ಅತ್ತರು. ನಾನೂ ಅತ್ತೆ. ಹದಿಮೂರನೇ ದಿನ ಕಳೆದ ಮೇಲೆ ಡಾಕ್ಟರ ಹೆಂಡತಿ ನನ್ನನ್ನು ಕರೆದು, "ಈ ಬೆಂಚು ನಿನಗೆ ಸೇರಬೇಕಪ್ಪ. ಇದರ ಬೆಲೆ ಗೊತ್ತಿರೋನು ನೀನೊಬ್ಬನೇ" ಅಂದರು. ಶೆಟ್ಟರ ರೇಷ್ಮೆ ದಿಂಬನ್ನೂ ಜೊತೆಗೆ ಕೊಟ್ಟರು.

ಬೆಂಚು ಬಂಗಾರಪೇಟೆಗೆ ಬಂದ ವಾರ ಅಕ್ಕ, ಬಾವ ಬಂದರು. ಡಾಕ್ಟರು ಹೋದಮೇಲೆ ಇನ್ನು ಈ ಕೇಕು ತಿನ್ನಲಾರೆ ಎನ್ನಿಸಿತ್ತು. ಜಗುಲಿಯಲ್ಲಿ ನಿಂತುಕೊಂಡೇ, "ಬಾವ, ಒಂದು ವಿಷ್ಯ. ಅವತ್ತು ನಿಮ್ಮ ಪ್ರಾಣ ಉಳಿಸಿದ್ದು ನಾನಲ್ಲ. ನಾನು ನಿಮ್ಮ ಮೇಲೆ..." ಎಂದು ಶುರು ಮಾಡಿದೆ.

"ಗೊತ್ತು ಬುಡ್ಲಾ" ಅಂದರು ಬಾವ.

"ಯಾರು ಹೇಳಿದ್ದು?" ಎಂದೆ.

"ನಿಮ್ಮಕ್ಕ ಅವತ್ತೇ ಯೋಳಿದ್ಲು. ನಿನ್ನ ಮೂಳೆ ಮುರೀಬೇಕು ಅಂತ ಎದ್ದು ನಿಲ್ಲೋಕೆ ಆಗ್ತಿದ್ದಂಗೇ ಡಾಕ್ಟ್ರತ್ರ ಓದೆ. ಅವ್ರು ಅಂದ್ರು, 'ನೀನು ಒಡೆದ್ರೆ ಅವನು ನಿನ್ ಮುಖ ನೋಡಲ್ಲ, ಅಕ್ಕನ ಮನೆ ಮೆಟ್ಲು ಅತ್ತಲ್ಲ. ನಂಗೂ ಒಬ್ಬ ಒಳ್ಳೆ ಕಂಪೌಂಡರ್ ಓಯ್ತಾನೆ. ನಿಂಗೆ ಗೊತ್ತು ಅಂತ ಅವನಿಗೆ ಗೊತ್ತಾಗ್ದಂಗೆ ಇರು. ಅವನಾಗೇ ಬಂದು ಯೋಳ್ತಾನೆ ಒಂದಿನ.' ಅದಕ್ಕೇ ಕಾಯ್ತಿದ್ದೆ. ಬೋ ತಡ ಮಾಡ್ದೆ ಕಣ್ಲಾ, ಎಷ್ಟು ಕೇಕ್ ತಿಂದೆ ನೀನು!"

ಅಕ್ಕ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ನನಗೆ ಕಣ್ಣು ಮಂಜಾಯಿತು. ಏನು ಮಾಡಲೂ ತೋಚದೆ, ಬಾವ ಇನ್ನೂ ನಿಂತೇ ಇದ್ದಾರಲ್ಲ ಎಂದು ಒಳಗೆ ಓಡಿಹೋಗಿ ಶೆಟ್ಟರ ದಿಂಬನ್ನು ತಂದು ಬೆಂಚಿನ ಮೇಲೆ ಹಾಸಿದೆ.

ಬಾವ ಅದನ್ನು ಎತ್ತಿ ನನ್ನ ಕೈಗೇ ವಾಪಸ್ಸು ಕೊಟ್ಟರು. ಬರಿ ಹಲಗೆಯ ಮೇಲೆ ಎರಡೂ ಕಡೆ ಭಾರ ಬಿಟ್ಟು ಸಮನಾಗಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ದಿಂಬು ಯಾಕ್ಲಾ? ಇನ್ನು ಬಚ್ಚಿಡಾದೇನೈತೆ ನಮ್ಮಿಬ್ರಿಗೆ? ಬಾ, ಕೂತ್ಕೋ."

ಕೂತೆ. ಬೆಂಚು ಗಟ್ಟಿಯಾಗಿಯೇ ಇತ್ತು.